ಹೊಂಗೆ ಮರದ ಕೆಳಗಿನ ಫಿಯೆಟ್

ಮಲ್ಲೇಶ್ವರದ ಒಂದು ಅಡ್ಡರಸ್ತೆ. ಹಳೇ ಮನೆಯ ಕಾಂಪೌಂಡಿನೊಳಗೆ, ಹೊಂಗೆ ಮರದ ಕೆಳಗೆ ಫಿಯೆಟ್ ಕಾರೊಂದು ನಿಂತಿದೆ. ನಾಲ್ಕು ಟೈರೂ ನೆಲಕ್ಕೆ ಕೂತಿವೆ, ಬಾನೆಟ್ ತುಂಬ ಒಣಗಿದ ಎಲೆ, ಹಿಂದಿನ ಸೀಟಲ್ಲಿ ಬೆಕ್ಕಿನ ಸಂಸಾರ.

ಎರಡು ವರ್ಷದಿಂದ ನನ್ನ ಭಾನುವಾರದ ಬೆಳಗು ಇಂಥ ಕಾರುಗಳ ಫೋಟೋ ತೆಗೆಯೋದ್ರಲ್ಲೇ ಕಳೆಯುತ್ತೆ. ದೊಡ್ಡ ಕ್ಯಾಮೆರಾ ಬೇಕಿಲ್ಲ, ಫೋನ್ ಸಾಕು. ಮೋಡ ಕವಿದಿದ್ರೆ ತುಕ್ಕಿನ ಬಣ್ಣ ಚೆನ್ನಾಗಿ ಬರುತ್ತೆ. ಮಟಮಟ ಮಧ್ಯಾಹ್ನ ಬಂಪರ್ ಮಾತ್ರ ಹೊಳೆದು ಉಳಿದದ್ದೆಲ್ಲ ಕಪ್ಪಾಗುತ್ತೆ. ಇಡೀ ಕಾರಿಗಿಂತ ಅದರ ಚೂರುಗಳೇ ಚಂದ: ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿ, ಮುಂದಿನ ಕಿಟಕಿಯ ತ್ರಿಕೋನದ ಪುಟ್ಟ ಗಾಜು. ಮನೆಯವರನ್ನ ಕೇಳದೆ ಮಾತ್ರ ತೆಗೀಬೇಡಿ.

ಪದ್ಮಿನಿ ತಯಾರಿ 2001ಕ್ಕೆ ಮುಗೀತು, ಅಂಬಾಸಡರ್ 2014ಕ್ಕೆ. ಮುಂಬೈನ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟವು. ಈಗ ಉಳಿದಿರೋದು ಆಸೆಪಟ್ಟು ಸಾಕಿದವು, ಇಲ್ಲಾ ಹೀಗೆ ಮರದ ಕೆಳಗೆ ಬಿಟ್ಟವು.

ಗೇಟು ತಟ್ಟಿದಾಗ ಎಂಬತ್ತು ದಾಟಿದ ಅಜ್ಜಿ ಬಂದ್ರು. “ಕಾರು ಕೊಳ್ಳೋಕೆ ಬಂದ್ಯೇನಪ್ಪಾ?”

“ಇಲ್ಲ ಅಜ್ಜಿ, ಒಂದು ಫೋಟೋ ಅಷ್ಟೇ.”

“ಗುಜರಿಯವನು ಆಗಾಗ ಬಂದು ಕೇಳ್ತಾನೆ. ಅರವತ್ತೆಂಟನೇ ಇಸವೀಲಿ, ಬುಕ್ ಮಾಡಿ ವರ್ಷಗಟ್ಟಲೆ ಕಾದು ನಮ್ಮೆಜಮಾನ್ರು ತಗೊಂಡಿದ್ದು. ಅವರು ಹೋದ್ಮೇಲೆ ಯಾರೂ ಸ್ಟಾರ್ಟ್ ಮಾಡಿಲ್ಲ.”

ಆಗೆಲ್ಲ ಕಾರು ಬೇಕಂದ್ರೆ ದುಡ್ಡಿಗಿಂತ ತಾಳ್ಮೆ ಜಾಸ್ತಿ ಬೇಕಿತ್ತು. ನಾವು ಹತ್ತು ನಿಮಿಷ ಲೇಟಾದ್ರೆ ಕ್ಯಾಬ್ ಕ್ಯಾನ್ಸಲ್ ಮಾಡ್ತೀವಿ.

ನಾಲ್ಕು ಫೋಟೋ ತೆಗೆದೆ. ಆಮೇಲೆ ಅವರೇ, “ಎಡಗಡೆ ಬಾಗಿಲು ತೆಗಿ, ಅದು ನನ್ನ ಜಾಗ” ಅಂದ್ರು. ತುಕ್ಕು ಹಿಡಿದ ಬಾಗಿಲು ಎರಡು ಕೈಲಿ ಎಳೆದ್ಮೇಲೆ ಬಂತು. ಸೆರಗು ಸರಿಮಾಡ್ಕೊಂಡು ಕೂತ್ರು. ಕ್ಯಾಮೆರಾ ಕಡೆ ನೋಡಲಿಲ್ಲ, ಖಾಲಿ ಡ್ರೈವರ್ ಜಾಗದ ಕಡೆ ನೋಡಿದ್ರು. ಅದೇ ಐದನೇ ಫೋಟೋ.

ರಾತ್ರಿ ಅದನ್ನ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ನನ್ನ ಕಾಲೇಜು ಫೀಸಿಗೆ ನಮ್ಮ ಪದ್ಮಿನಿ ಮಾರಿದವರು, ಆ ಬಗ್ಗೆ ಒಂದು ದಿನಾನೂ ಮಾತಾಡಿದವರಲ್ಲ. ತಕ್ಷಣ ಫೋನ್ ಬಂತು. “ನಮ್ಮ ಗಾಡಿ ಗೇರ್ ಕಡ್ಡಿಯ ಗುಂಡು ನನ್ನ ಹತ್ರಾನೇ ಇದೆ ಕಣೋ. ಮಾರೋ ದಿನ ಬಿಚ್ಚಿಟ್ಕೊಂಡೆ.”

ಅಜ್ಜಿ ಮನೆ ದೀಪಾವಳಿ ಕಳೆದ್ಮೇಲೆ ಬಿಲ್ಡರ್ ಕೈಗೆ ಹೋಗುತ್ತಂತೆ. ಅಷ್ಟರಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟು ಬರಬೇಕು.