ಪತ್ತನಾಜೆಗೆ ಮೊದಲು

ಜುಲೈ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಮಲ್ಪೆ ಹತ್ತಿರದ ಕಲ್ಮಾಡಿ ಸೇತುವೆಯ ಮೇಲೆ ಅರ್ಧ ದಿನ ನಿಂತು ನೋಡಬೇಕು. ಬೆಳಿಗ್ಗೆ ಕೆಂಪು ನೀರು ಪಡು ದಿಕ್ಕಿಗೆ ದುಡುದುಡು ಓಡುತ್ತಿರುತ್ತದೆ. ಹೊತ್ತು ಕಳೆದಂತೆ ಓಟ ತಗ್ಗುತ್ತದೆ. ತೇಲಿ ಬಂದ ತೆಂಗಿನ ಗರಿ ಇದ್ದಲ್ಲೇ ಸುತ್ತತೊಡಗುತ್ತದೆ. ಮಳೆ ಬಿಡುವು ಕೊಟ್ಟ ದಿನವಾದರೆ ಅದೇ ಗರಿ ಮೂಡು ದಿಕ್ಕಿಗೆ ಹೊರಟುಬಿಡುವುದೂ ಉಂಟು. ಕಡಲು ಉಬ್ಬಿದೆ; ಅಳಿವೆಯ ಬಾಗಿಲು ಹಾಕಿದಂತಾಗಿದೆ. ಸುಮಾರು ಆರು ಗಂಟೆ ಹೊತ್ತು ಊರಿನ ನೀರು ಊರಲ್ಲೇ ಕಾಯಬೇಕು.

ಈ ಕಾಯುವಿಕೆಗೆ ಜಾಗ ಎಲ್ಲಿದೆ ಎಂದು ಮೊದಲೇ ಲೆಕ್ಕ ಹಾಕಿ, ಅದಕ್ಕೆ ದುಡ್ಡು ಹೊಂದಿಸುವುದು ಒಂದು ಕಸುಬು. ನಗರಸಭೆಯ ಕಿರಿಯ ಇಂಜಿನಿಯರ್, ಸಣ್ಣ ನೀರಾವರಿ ಇಲಾಖೆಯವರು, ಸರ್ವೆಯವರು, ಪಂಚಾಯತಿನ ಅಭಿವೃದ್ಧಿ ಅಧಿಕಾರಿ ಎಲ್ಲರೂ ಸೇರಿ ಮಾಡುವ ಈ ಕೆಲಸದ ಬಗ್ಗೆ ನಾವು ಮಾತಾಡುವುದು ರಸ್ತೆಯ ಮೇಲೆ ನೀರು ನಿಂತ ದಿನ ಮಾತ್ರ. ನೀರು ನಿಲ್ಲದ ದಿನ ಅವರು ಏನು ಮಾಡಿದ್ದರು ಎಂಬುದನ್ನು ನಾನು ಇಲ್ಲಿ ಹೇಳಬೇಕೆಂದಿದ್ದೇನೆ.

ಮಣಿಪಾಲದ ಮುರಕಲ್ಲಿನ ಗುಡ್ಡ ಕಡಲಿನಿಂದ ಸುಮಾರು 70 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮಲ್ಪೆಗೆ ಹತ್ತೇ ಕಿಲೋಮೀಟರ್ ದಾರಿ. ಗುಡ್ಡದ ನೀರು ಇಂದ್ರಾಳಿಯಿಂದಿಳಿದು ಇಂದ್ರಾಣಿ ತೋಡಾಗಿ ಕಲ್ಸಂಕ, ಗುಂಡಿಬೈಲು ಕಡೆಯಿಂದ ಕಲ್ಮಾಡಿಯ ಹಿನ್ನೀರಿಗೆ ಬಂದು ಸೇರುತ್ತದೆ. ಇಳಿಜಾರೆಲ್ಲ ಮೊದಲರ್ಧದಲ್ಲೇ ಮುಗಿಯುತ್ತದೆ. ಉಡುಪಿ ಪೇಟೆ ದಾಟಿದ ಮೇಲೆ ನೀರು ನಡೆಯುವುದೇ ಹೊರತು ಓಡುವುದಿಲ್ಲ.

ಊರ ಹೆಸರುಗಳನ್ನೇ ನೋಡಿ: ಗುಂಡಿಬೈಲು, ಬೈಲಕೆರೆ, ಮಠದಬೆಟ್ಟು. ನಮ್ಮ ಕಡೆಯ ಗದ್ದೆಗಳಿಗೆ ಬೈಲು, ಮಜಲು, ಬೆಟ್ಟು ಎಂಬ ಮೂರು ದರ್ಜೆ. ಬೈಲು ತಗ್ಗಿನದು, ಮೂರು ಬೆಳೆ ಕೊಡುವಷ್ಟು ನೀರಿನ ಪಸೆ ಇರುವುದು. ಮಜಲು ಎರಡು ಬೆಳೆಯದು. ಬೆಟ್ಟು ಮಳೆ ನಂಬಿದ ಒಂದೇ ಬೆಳೆಯದು. ಬೈಲು ಎಂದರೆ ನೀರು ಬಂದು ಕೂರುವ ಜಾಗ ಎಂದು ಹಿರಿಯರು ಹೆಸರಲ್ಲೇ ಬರೆದಿಟ್ಟಿದ್ದರು. ಒಂದು ಎಕರೆ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದು ನಾಲ್ಕು ಲಕ್ಷ ಲೀಟರ್. ಕಟ್ಟಪುಣಿ ಕಟ್ಟಿ ಅಷ್ಟನ್ನೂ ಹಿಡಿದಿಟ್ಟುಕೊಂಡು, ಕಡಲು ಇಳಿದಾಗ ಕಣಿಯಿಂದ ತೋಡಿಗೆ ಮೆಲ್ಲನೆ ಬಿಡುತ್ತಿದ್ದರು. ಭತ್ತದ ಗದ್ದೆಗಳ ಸಾಲು ಆ ಆರು ಗಂಟೆಗಳ ಚಾವಡಿಯಾಗಿತ್ತು.

ಈಗ ಗದ್ದೆಗೆ ಮಣ್ಣು ತುಂಬಿ ಮನೆ, ಕಾಲೇಜು, ವಾಹನ ನಿಲ್ಲಿಸುವ ಜಾಗ ಆಗಿದೆ. ಇಂಜಿನಿಯರನ ಲೆಕ್ಕ ಶುರುವಾಗುವುದು ಇಲ್ಲಿಂದ. ಆತ ಮೂರು ಸಂಗತಿ ಕೇಳುತ್ತಾನೆ: ನೀರು ಹರಿದು ಬರುವ ನೆಲ ಎಷ್ಟು, ಗಂಟೆಗೆ ಎಷ್ಟು ಮಳೆ, ಬಿದ್ದ ಮಳೆಯಲ್ಲಿ ನೆಲ ಕುಡಿಯದೆ ಬಿಟ್ಟದ್ದು ಎಷ್ಟು ಪಾಲು. ಮೂರನ್ನೂ ಗುಣಿಸಿದರೆ ತೋಡಿಗೆ ಬರುವ ನೀರು ಸಿಗುತ್ತದೆ. ಹತ್ತು ಹೆಕ್ಟೇರ್ ಜಾಗದಲ್ಲಿ ಗಂಟೆಗೆ 60 ಮಿಲಿಮೀಟರ್ ಮಳೆ ಸುರಿಯಿತು ಎನ್ನೋಣ. ಜಾಗ ತೋಟ, ಹಡಿಲು, ಗದ್ದೆಯಾಗಿದ್ದು ನೂರಕ್ಕೆ 30 ಪಾಲು ಹೊರಬಂದರೆ ಸೆಕೆಂಡಿಗೆ 500 ಲೀಟರ್. ಅದೇ ಜಾಗ ಕಾಂಕ್ರೀಟು, ಇಂಟರ್‌ಲಾಕು ಆಗಿ 90 ಪಾಲು ಹೊರಬಂದರೆ ಸೆಕೆಂಡಿಗೆ 1,500 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ನಾಲ್ಕು ಸೆಕೆಂಡಿಗೊಂದು ಬಂದು ಸುರಿದ ಹಾಗೆ. ಮಳೆ ಹೆಚ್ಚಾಗಿಲ್ಲ, ತೋಡೂ ಕಿರಿದಾಗಿಲ್ಲ. ಆದರೂ ನೀರು ಮೂರು ಪಟ್ಟಾಯಿತು.

ಯಾವ ಮಳೆಗೆ ತೋಡು ಕಟ್ಟಬೇಕು ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಐದು ವರ್ಷಕ್ಕೊಮ್ಮೆಯ ಮಳೆ ಎಂದರೆ ಒಮ್ಮೆ ಬಂದರೆ ಇನ್ನು ಐದು ವರ್ಷ ಬಾರದು ಎಂದಲ್ಲ. ಪ್ರತಿ ವರ್ಷವೂ ಐದರಲ್ಲೊಂದು ಸಂಭವ ಎಂದು ಅರ್ಥ. ಮುಂಬಯಿಯ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದವು. ಅದನ್ನು 50ಕ್ಕೆ ಏರಿಸುವ ಯೋಜನಾ ವರದಿ 1993ರಲ್ಲೇ ಸಿದ್ಧವಾಗಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮೇಲೆಯೇ ಆ ವರದಿಗೆ ನಿಜವಾದ ಜೀವ ಬಂತು. ದೊಡ್ಡ ಮಳೆಗೆ ಕಟ್ಟಿದರೆ ದುಡ್ಡೂ ಜಾಗವೂ ಸಾಲುವುದಿಲ್ಲ, ಸಣ್ಣದಕ್ಕೆ ಕಟ್ಟಿದರೆ ಮನೆಯೊಳಗೆ ನೀರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ, ಕಾಣುವ ನಮ್ಮ ಜಿಲ್ಲೆಯಲ್ಲಿ ಈ ತೀರ್ಮಾನ ಮಾಡುವವರ ಎದೆಗಾರಿಕೆಯನ್ನು ನಾನು ಗೌರವಿಸುತ್ತೇನೆ.

ಇನ್ನು ಮೋರಿಗಳ ವಿಷಯ. ನಮ್ಮ ನೀರು ಮೂಡಿನಿಂದ ಪಡುವಿಗೆ ಹೋಗುತ್ತದೆ. ಕೊಂಕಣ ರೈಲು, 66ನೇ ಹೆದ್ದಾರಿ ಎರಡೂ ತೆಂಕು–ಬಡಗಾಗಿ ಮಲಗಿವೆ. ಗುಡ್ಡದಿಂದಿಳಿದ ಪ್ರತಿ ಹನಿಯೂ ಈ ಎರಡು ಏರಿಗಳ ಅಡಿಯಿಂದ ತೂರಿಯೇ ಕಡಲು ಕಾಣಬೇಕು. ತೋಡು ನಗರಸಭೆಯದು, ಮೋರಿ ರೈಲಿನವರದು, ಮುಂದಿನದು ಹೆದ್ದಾರಿ ಪ್ರಾಧಿಕಾರದ್ದು, ಅದರಾಚೆಯ ದಂಡೆ ಸಣ್ಣ ನೀರಾವರಿಯವರದು. ನೀರಿಗೆ ಈ ಗಡಿ ಯಾವುದೂ ಗೊತ್ತಿಲ್ಲ. ನೆದರ್‌ಲೆಂಡ್ಸ್‌ನಲ್ಲಿ ನೀರಿಗೇ ಪ್ರತ್ಯೇಕ ಆಡಳಿತವಿದೆ. ಹದಿಮೂರನೆಯ ಶತಮಾನದಿಂದ ಬೆಳೆದು ಬಂದ ಆ ಜಲಮಂಡಳಿಗಳು ಈಗ 21 ಇವೆ. ಅವಕ್ಕೆ ತಮ್ಮದೇ ಚುನಾವಣೆ, ತಮ್ಮದೇ ತೆರಿಗೆ. ನಮ್ಮಲ್ಲಿ ಆ ಕೆಲಸಕ್ಕೆ ಇರುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. ಮಳೆಗಾಲಕ್ಕೆ ಮೊದಲು ಎಲ್ಲ ಇಲಾಖೆಯವರನ್ನೂ ಒಂದೇ ಮೇಜಿಗೆ ಕೂರಿಸಿ, ಯಾವ ಮೋರಿಯಲ್ಲಿ ಎಷ್ಟು ಹೂಳಿದೆ ಎಂದು ಕೇಳುವ ಅಧಿಕಾರ ಅದಕ್ಕಿದೆ. ಆ ಸಭೆ ಚೆನ್ನಾಗಿ ನಡೆದರೆ ಅರ್ಧ ನೆರೆ ಅಲ್ಲೇ ಇಳಿಯುತ್ತದೆ.

ದುಡ್ಡು ಬರುವ ದಾರಿಯೂ ಒಂದಲ್ಲ. ಪೇಟೆಯ ತೋಡಿಗೆ ನಗರಸಭೆಯ ಸ್ವಂತ ತೆರಿಗೆ, ಹಣಕಾಸು ಆಯೋಗದ ಅನುದಾನ, ರಾಜ್ಯದ ನಗರೋತ್ಥಾನ. ಹಳ್ಳಿಯ ತೋಡಿನ ಹೂಳಿಗೆ ಉದ್ಯೋಗ ಖಾತರಿ. ನೆರೆ ಬಂದ ಮೇಲೆ ರಾಜ್ಯ ವಿಪತ್ತು ಪರಿಹಾರ ನಿಧಿ. ಅದರಲ್ಲಿ ಕೇಂದ್ರದ್ದು ನೂರಕ್ಕೆ 75, ರಾಜ್ಯದ್ದು 25. ನೆರೆ ಬಾರದಂತೆ ಖರ್ಚು ಮಾಡಲು ಬೇರೆ ನಿಧಿ ಇರಬೇಕೆಂದು 2005ರ ವಿಪತ್ತು ನಿರ್ವಹಣಾ ಕಾಯ್ದೆಯೇ ಹೇಳಿತ್ತು. ಆದರೆ ರಾಜ್ಯಗಳಿಗೆ ಅದಕ್ಕೆಂದು ಹಣ ಎತ್ತಿಟ್ಟದ್ದು 15ನೇ ಹಣಕಾಸು ಆಯೋಗ. 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ಎಲ್ಲ ರಾಜ್ಯಗಳಿಗೂ ಸೇರಿ 1,60,153 ಕೋಟಿ ರೂಪಾಯಿ ಗೊತ್ತುಮಾಡಿ, ನೂರಕ್ಕೆ 80ನ್ನು ಪರಿಹಾರಕ್ಕೂ 20ನ್ನು ಮುಂಜಾಗ್ರತೆಗೂ ಹಂಚಿತು. ಬೊಳ್ಳ ಬಂದ ಮೇಲೆ ಕೊಡುವ ನಾಲ್ಕು ರೂಪಾಯಿಗೆ ಬರುವ ಮೊದಲು ಕೊಡುವ ಒಂದು ರೂಪಾಯಿ. ನನಗೆ ಇದು ಕಡಿಮೆಯೇ ಅನಿಸುತ್ತದೆ; ಆದರೂ ಮೊದಲು ಅದೂ ಇರಲಿಲ್ಲ.

ಒಳ್ಳೆಯ ಅಂದಾಜು ಪಟ್ಟಿಯನ್ನು ಗುರುತಿಸುವ ಬಗೆ ಯಾವುದು? ಅದು ತೋಡನ್ನು ಕೆಳಗಿನಿಂದ ಮೇಲಕ್ಕೆ ಸರಿಮಾಡುತ್ತದೆ. ಬೇಡಿಕೆ ಬರುವುದು ಪೇಟೆಯ ನಡುವಿನಿಂದ. ಅಲ್ಲಿ ಮೊದಲು ಅಗಲ ಮಾಡಿ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ನೀರು ಕೆಳಗಿನವರ ಅಂಗಳಕ್ಕೆ ಇನ್ನೂ ಬೇಗ ಬಂದು ಬೀಳುತ್ತದೆ. ಆದ್ದರಿಂದ ಬಲ್ಲ ಇಂಜಿನಿಯರ್ ಕಡಲ ಬದಿಯ ಮೊದಲ ಫರ್ಲಾಂಗಿನಿಂದ ಕೆಲಸ ಬರೆಯುತ್ತಾನೆ. ಅದಕ್ಕೂ ಮೊದಲು ಎಫ್‌ಎಂಬಿ ಎಂಬ ಸರ್ವೆ ನಕ್ಷೆ ಬಿಡಿಸಿ, ತೋಡಿಗೆ ಬಿಟ್ಟ ಸರಕಾರಿ ಜಾಗದ (ಪರಂಬೋಕಿನ) ಅಗಲ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂದು ಸರ್ವೆಯವರ ಸಂಕೋಲೆ ಎಳೆಸುತ್ತಾನೆ. ಆಮೇಲೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್. ಕಡಲ ಹತ್ತಿರವಾದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇರೆ.

ಕಾಗದದ ವರ್ಷ ಏಪ್ರಿಲ್ ಒಂದಕ್ಕೆ ಹುಟ್ಟುತ್ತದೆ. ನಮ್ಮ ನೀರಿನ ವರ್ಷಕ್ಕೆ ಗಡಿ ಪತ್ತನಾಜೆ, ಮೇ 24ರ ಸುಮಾರಿಗೆ. ಅಂದಿನಿಂದ ಕೋಲ, ಯಕ್ಷಗಾನ ನಿಲ್ಲುತ್ತವೆ. ಇನ್ನು ಆಕಾಶದ ಕೆಲಸ ಎಂದು ಅರ್ಥ. ಜೂನ್ ಒಂದರಿಂದ ಮಲ್ಪೆಯ ಯಾಂತ್ರಿಕ ದೋಣಿಗಳೂ ಎರಡು ತಿಂಗಳು ದಕ್ಕೆಯಲ್ಲೇ. ಏಪ್ರಿಲ್‌ನಲ್ಲಿ ಫೈಲು ತೆರೆದವನಿಗೆ ಹೂಳೆತ್ತಲು ಉಳಿಯುವುದು ಏಳೇ ವಾರ. ಅದಕ್ಕೇ ಜಾಣರಾದವರು ಸೋಣ ತಿಂಗಳಲ್ಲೇ (ಆಗಸ್ಟ್–ಸೆಪ್ಟೆಂಬರ್) ನೀರು ನಿಂತ ಕಡೆಗಳಿಗೆ ಹೋಗಿ ಗೋಡೆಯ ಮೇಲಿನ ಕೆಸರಿನ ಗೆರೆ ಅಳೆದು ಬರುತ್ತಾರೆ. ಮುಂದಿನ ವರ್ಷದ ಕ್ರಿಯಾ ಯೋಜನೆ ಆ ಗೆರೆಯಿಂದ ಹುಟ್ಟುತ್ತದೆ. 2020ರ ಸೆಪ್ಟೆಂಬರ್ 20ರಂದು ಸ್ವರ್ಣಾ ನದಿ ಉಕ್ಕಿ, ಕಲ್ಸಂಕ, ಬೈಲಕೆರೆ ಮುಳುಗಿ, ಉಡುಪಿಯ ಬೀದಿಗಳಲ್ಲಿ ದೋಣಿ ಓಡಿದಾಗ ಬಿದ್ದ ಗೆರೆಗಳಿಗಿಂತ ನಿಖರವಾದ ನಕ್ಷೆ ಬೇರೆ ಬೇಕಿರಲಿಲ್ಲ.

ಈ ಕಸುಬಿನಲ್ಲಿ ನಾನು ಹೆಚ್ಚು ಮೆಚ್ಚುವುದು ಕಿಂಡಿ ಅಣೆಕಟ್ಟನ್ನು. ಮಳೆಗಾಲ ಮುಗಿದು ತೋಡು ಸೊರಗುವಾಗ, ಕಾರ್ಕಳದಿಂದ ಕಾಪುವರೆಗೆ ಹೊಳೆ ತೋಡುಗಳಲ್ಲಿ ಈ ಕಟ್ಟಗಳ ಕಂಬಗಳ ನಡುವೆ ಹಲಗೆ ಇಳಿಸುತ್ತಾರೆ. ಕಂಬದಲ್ಲಿ ಎರಡು ಗಾಡಿ ಕೊರೆದಿರುತ್ತದೆ. ಎರಡು ಸಾಲು ಹಲಗೆ, ನಡುವೆ ಜಿಗುಟು ಮಣ್ಣು ತುಂಬಿ ತುಳಿಯುವುದು. ಮೇಲೆ ಸಿಹಿನೀರು ನಿಂತು ಸುತ್ತಲಿನ ಬಾವಿ ಏರುತ್ತದೆ; ಅಳಿವೆಯ ಹತ್ತಿರವಾದರೆ ಅದೇ ಹಲಗೆ ಉಪ್ಪುನೀರನ್ನು ಗದ್ದೆಗೆ ಬಿಡದೆ ತಡೆಯುತ್ತದೆ. ಮೊದಲು ಮರದ ಹಲಗೆ, ಈಗ ಎಷ್ಟೋ ಕಡೆ ಫೈಬರಿನದು.

ಆದರೆ ಅದೇ ಕಟ್ಟ ಮಳೆಗಾಲಕ್ಕೆ ಮೊದಲು ಇಲ್ಲವಾಗಬೇಕು. ಒಂದು ಸಾಲು ಹಲಗೆ ಉಳಿದರೂ ಸಾಕು, ಮೊದಲ ಮಳೆಯ ಕಸ, ಬಾಳೆದಿಂಡು, ಬಾಟಲಿ ಅದಕ್ಕೆ ಸಿಕ್ಕಿ ಮೇಲಿನ ಬೈಲು ಮುಳುಗುತ್ತದೆ. ಹಾಗಾಗಿ ಮೇ ತಿಂಗಳ ಕೊನೆಗೆ ಮೂರು ನಾಲ್ಕು ಮಂದಿ ಸೊಂಟಮಟ್ಟ ನೀರಿಗಿಳಿಯುತ್ತಾರೆ. ಮೇಲಿನ ಹಲಗೆಗೆ ಕೊಕ್ಕೆ ಹಾಕಿ ಎಳೆಯುತ್ತಾರೆ. ನಡುವಿನ ಮಣ್ಣು ಕಳಚಿ ಕೆಂಪಾಗಿ ಹರಿಯುತ್ತದೆ. ಹಲಗೆಗಳನ್ನು ಒಂದೊಂದಾಗಿ ದಡಕ್ಕೆ ಸಾಗಿಸಿ ತೊಳೆದು, ಎಣಿಸಿ, ಸಂಖ್ಯೆ ಬರೆದು ಶೆಡ್ಡಿನಲ್ಲಿ ಪೇರಿಸುತ್ತಾರೆ. ಸಂಜೆಗೆ ಕಿಂಡಿಗಳೆಲ್ಲ ತೆರೆದಿರುತ್ತವೆ, ತೋಡಿನ ನೀರು ಮೊಣಕಾಲಿಗೆ ಇಳಿದಿರುತ್ತದೆ, ಪಡುವಿನಲ್ಲಿ ಮೋಡ ಕಟ್ಟುತ್ತಿರುತ್ತದೆ.