ನಿಮಗಿದು ಗೊತ್ತೇ? ಮಳೆ ರಜೆಯೂ ಕಾಲು ನಿಲ್ಲದ ಮಕ್ಕಳೂ

ಜುಲೈ ಬಂತೆಂದರೆ ಕರಾವಳಿ, ಮಲೆನಾಡು, ಕೊಡಗಿನ ಮನೆಗಳಲ್ಲಿ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಶಾಲೆಯ ವಾಟ್ಸ್‌ಆ್ಯಪ್ ಗ್ರೂಪು ನೋಡುವುದು ರೂಢಿ. ಜಿಲ್ಲಾಧಿಕಾರಿ ರಜೆ ಕೊಟ್ಟರೆ ಮಕ್ಕಳಿಗೆ ಹಬ್ಬ. ತಿಂಡಿ ಮುಗಿಯುವವರೆಗೆ ಎಲ್ಲ ಚೆನ್ನ. ಆಮೇಲೆ ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ದಿವಾನಕ್ಕೆ ಹಾರಾಟ ಶುರು. ಅಂಗಳವೆಲ್ಲ ಕೆಸರು, ಹೊರಗೆ ಅಟ್ಟುವಂತಿಲ್ಲ. ಮೊಬೈಲ್ ಕೊಟ್ಟು ಕೂರಿಸುವ ಮುನ್ನ ಇಷ್ಟು ಓದಿ.

● ಮಕ್ಕಳು ಒಂದೇ ಸಮನೆ ಓಡುತ್ತಾರೆ ಅನ್ನಿಸುವುದು ನಮ್ಮ ಭ್ರಮೆ. 1995ರಲ್ಲಿ ಅಮೆರಿಕದ ಸಂಶೋಧಕರು 6ರಿಂದ 10 ವರ್ಷದ ಮಕ್ಕಳ ಪ್ರತಿಯೊಂದು ಚಲನೆಯನ್ನೂ ಕೂತು ದಾಖಲಿಸಿದರು. ಜೋರಿನ ಆಟದ ಒಂದೊಂದು ಭರಾಟೆ ಸಾಮಾನ್ಯವಾಗಿ 3 ಸೆಕೆಂಡಿನದು. ಅಂಥವುಗಳಲ್ಲಿ ನೂರಕ್ಕೆ 95 ಭಾಗ 15 ಸೆಕೆಂಡಿನೊಳಗೇ ಮುಗಿಯುತ್ತಿದ್ದವು. ಓಡು, ನಿಲ್ಲು, ಕೂರು, ಮತ್ತೆ ಓಡು. ಮೂರು ಸೆಕೆಂಡಿನ ಓಟಕ್ಕೆ ಕ್ರೀಡಾಂಗಣವೇ ಬೇಕೆಂದಿಲ್ಲ, ಹಾಲ್ ಸಾಕು.

● ಹಾಗಾದರೆ ಅವರಿಗೆ ಸುಸ್ತಾಗುವುದಿಲ್ಲವೇ? ಆಗುತ್ತದೆ, ಆದರೆ ಬೇಗ ಇಳಿದುಹೋಗುತ್ತದೆ. 2018ರಲ್ಲಿ ಫ್ರಾನ್ಸ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು 8ರಿಂದ 12 ವರ್ಷದ ಹುಡುಗರನ್ನು ಸೈಕಲ್ ತುಳಿಸಿ ಪರೀಕ್ಷಿಸಿದರು. ಯಾವ ತರಬೇತಿಯೂ ಇಲ್ಲದ ಈ ಹುಡುಗರ ಸ್ನಾಯುಗಳು ದಣಿವು ತಾಳುವುದರಲ್ಲಿ, ಚೇತರಿಸಿಕೊಳ್ಳುವುದರಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ದೀರ್ಘದೂರದ ಕ್ರೀಡಾಪಟುಗಳಿಗೆ ಸರಿಸಮವಾಗಿದ್ದವು. ಮಗನ ಜತೆ ಐದು ನಿಮಿಷ ಆಡಿ ಸೋಫಾಕ್ಕೆ ಒರಗಿದ ಅಪ್ಪನಿಗೆ ಇದೊಂದು ಗೌರವಯುತ ಸಮಜಾಯಿಷಿ.

● ಹುಟ್ಟುಹಬ್ಬದ ಕೇಕಿನಿಂದ, ಬೆಲ್ಲದ ಮಿಠಾಯಿಯಿಂದ ಮಕ್ಕಳ ಪುಂಡಾಟ ಹೆಚ್ಚುತ್ತದೆಂಬುದಕ್ಕೆ ಆಧಾರವಿಲ್ಲ. 1990ರ ದಶಕದಲ್ಲಿ ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಸಕ್ಕರೆಗೂ ಕುಣಿತಕ್ಕೂ ನಂಟು ಸಿಗಲಿಲ್ಲ. 1994ರ ಒಂದು ಪ್ರಯೋಗದಲ್ಲಿ ಮಕ್ಕಳಿಗೆ ಸಕ್ಕರೆಯಿಲ್ಲದ ಸಿಹಿ ಪಾನೀಯ ಕೊಟ್ಟು, ಕೆಲವು ಅಮ್ಮಂದಿರಿಗೆ ಮಾತ್ರ ‘ಸಕ್ಕರೆ ಕೊಟ್ಟಿದ್ದೇವೆ’ ಎಂದರು. ಅದನ್ನು ಕೇಳಿದ ಅಮ್ಮಂದಿರಿಗೆ ತಮ್ಮ ಮಗು ವಿಪರೀತ ಕುಣಿಯುತ್ತಿರುವಂತೆ ಕಂಡಿತು! ಸಕ್ಕರೆ ಕಡಿಮೆ ಮಾಡಲು ಹಲ್ಲಿನ ಕಾರಣವೇ ಸಾಕು, ಪಾಪ ಇದನ್ನೂ ಅದರ ತಲೆಗೆ ಕಟ್ಟುವುದು ಬೇಡ.

● ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ: 3–4 ವರ್ಷದವರಿಗೆ ದಿನಕ್ಕೆ 180 ನಿಮಿಷ ಮೈ ಆಡಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥದ್ದು. 5ರಿಂದ 17ರವರೆಗೆ ದಿನಕ್ಕೆ ಸರಾಸರಿ 60 ನಿಮಿಷ ಅಂಥ ಚಟುವಟಿಕೆ. ಒಂದೇ ಉಸಿರಿಗೆ ಮುಗಿಸಬೇಕೆಂದೇನೂ ಇಲ್ಲ. ಹತ್ತು ಹತ್ತು ನಿಮಿಷವಾದರೂ ಲೆಕ್ಕಕ್ಕೆ ಬರುತ್ತದೆ.

● ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಳಗೆ ಕೂಡಿಹಾಕಿದ ಹುಡುಗರ ಕಾಟ ತಾಳಲಾರದೆ. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್. ಹೊರಗೆ ಹಿಮ. ವೈಎಂಸಿಎ ತರಬೇತಿ ಶಾಲೆಯ 18 ಯುವಕರ ಒಂದು ತರಗತಿಗೆ ಕವಾಯತು ಬೇಸರ ಬಂದಿತ್ತು, ಇಬ್ಬರು ಮೇಷ್ಟ್ರು ಅದಾಗಲೇ ಸೋತು ಕೈ ಎತ್ತಿದ್ದರು. ಮುಖ್ಯಸ್ಥ ಲೂಥರ್ ಗ್ಯುಲಿಕ್ ಈ ತಲೆನೋವನ್ನು ಜೇಮ್ಸ್ ನೈಸ್ಮಿತ್‌ಗೆ ದಾಟಿಸಿ, ಹೊಸ ಆಟ ಕಂಡುಹಿಡಿಯಲು 14 ದಿನ ಗಡುವು ಕೊಟ್ಟ. ನೈಸ್ಮಿತ್ ಹೊರಾಂಗಣದ ಆಟಗಳನ್ನೇ ಒಳಗೆ ತಂದು ನೋಡಿದ. ಕೈಕಾಲಿಗೆ ಪೆಟ್ಟಾಯಿತೇ ಹೊರತು ಕೆಲಸವಾಗಲಿಲ್ಲ.

ಕೊನೆಗೆ ಹೊಳೆದದ್ದು ಇಷ್ಟು. ಚೆಂಡು ಹಿಡಿದು ಓಡುವಂತಿಲ್ಲ ಎಂದರೆ ಅಡ್ಡಬಿದ್ದು ಕೆಡಹುವ ಪ್ರಮೇಯವಿಲ್ಲ. ಗುರಿಯನ್ನು ತಲೆಗಿಂತ ಮೇಲಿಟ್ಟರೆ ಬೀಸಿ ಹೊಡೆಯುವಂತಿಲ್ಲ, ಮೆಲ್ಲಗೆ ಎತ್ತಿ ಹಾಕಬೇಕು. ಈ ಎರಡನೆಯದನ್ನು ಅವನು ಎತ್ತಿಕೊಂಡದ್ದು ಕೆನಡಾದ ತನ್ನ ಊರಿನಲ್ಲಿ ಚಿಕ್ಕಂದಿನಲ್ಲಿ ಆಡುತ್ತಿದ್ದ ಆಟದಿಂದ: ಬಂಡೆಯ ಮೇಲಿಟ್ಟ ಕಲ್ಲನ್ನು ಇನ್ನೊಂದು ಕಲ್ಲೆಸೆದು ಬೀಳಿಸುವ, ನಮ್ಮ ಲಗೋರಿಯ ದೂರದ ನೆಂಟನಂಥ ಆಟ. ಎರಡು ಪೆಟ್ಟಿಗೆ ಕೇಳಿದಾಗ ಕಟ್ಟಡ ನೋಡಿಕೊಳ್ಳುವವನು ತಂದುಕೊಟ್ಟದ್ದು ಪೀಚ್ ಹಣ್ಣಿನ ಬುಟ್ಟಿಗಳು. ಅವನ್ನು ಮಾಳಿಗೆಯ ಕಟಾಂಜನಕ್ಕೆ ಮೊಳೆ ಹೊಡೆದು ಕಟ್ಟಿದ. ಅದರ ಎತ್ತರ 10 ಅಡಿ ಇತ್ತು, ಇವತ್ತಿಗೂ ಅಷ್ಟೇ. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಬಿದ್ದಾಗಲೆಲ್ಲ ಒಬ್ಬರು ಹತ್ತಿ ತೆಗೆಯಬೇಕಿತ್ತು. ಮನೆಯಲ್ಲಿ ಬಟ್ಟೆ ಒಗೆಯುವ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಕಾಲುಚೀಲ ಸುತ್ತಿ ಉಂಡೆ ಮಾಡಿ ಕೊಡಿ. ನೈಸ್ಮಿತ್‌ನ ನಿಯಮಗಳೆಲ್ಲ ಹಾಲಿನಲ್ಲೂ ನಡೆಯುತ್ತವೆ.

● ನಾಲ್ಕು ವರ್ಷಕ್ಕೆ, 1895ರಲ್ಲಿ, ಪಕ್ಕದ ಹೋಲಿಯೋಕ್ ಊರಿನಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲ್ ಹುಟ್ಟುಹಾಕಿದ. ವಯಸ್ಸಾದವರಿಗೆ ಬಾಸ್ಕೆಟ್‌ಬಾಲ್ ಬಿರುಸಾಯಿತು ಎಂಬ ಕಾರಣಕ್ಕೆ. ಅದೂ ಒಳಾಂಗಣದ ಕೂಸೇ.

● ಟೇಬಲ್ ಟೆನ್ನಿಸ್ ಶುರುವಾದದ್ದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ, ಊಟದ ಮೇಜಿನ ಮೇಲೆ. ನಡುವೆ ಸಾಲಾಗಿ ನಿಲ್ಲಿಸಿದ ಪುಸ್ತಕಗಳೇ ಬಲೆ. ಪುಸ್ತಕದ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೂ ಹಳೆಯ ಗೈಡುಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಕಾಣೆ.

● ಬಾಸ್ಕೆಟ್‌ಬಾಲಿನಂಥದೇ ಒಂದು ಕಥೆ ಮೈಸೂರಿನಲ್ಲೂ ಇದೆ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೆ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಕಲಿಯಲು ಬರುತ್ತಿದ್ದವರು ಅರಸು ಮನೆತನದ ಹುಡುಗರು, ಬಿಸಿರಕ್ತದವರು. ಆಸನದಿಂದ ಆಸನಕ್ಕೆ ಉಸಿರಿನ ಜತೆ ಬಿರುಸಾಗಿ ಸಾಗುವ, ನಡುನಡುವೆ ಜಿಗಿತವಿರುವ ಶೈಲಿ ರೂಪುಗೊಂಡದ್ದು ಇಂಥ ಹುಡುಗರನ್ನು ಪಳಗಿಸುವಾಗಲೇ ಎಂದು ಯೋಗದ ಇತಿಹಾಸ ಬರೆದ ಮಾರ್ಕ್ ಸಿಂಗಲ್‌ಟನ್ ವಾದಿಸುತ್ತಾರೆ. ಅದೇ ಗುರುವಿನ ಬಳಿ ಕಲಿತ ಹಾಸನ ಸೀಮೆಯ ಪಟ್ಟಾಭಿ ಜೋಯಿಸ್, ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮುಂದೆ ಜಗತ್ತಿಗೇ ಯೋಗ ಕಲಿಸಿದರು. ಆರು ವರ್ಷದ ಮಗುವನ್ನು ಪದ್ಮಾಸನ ಹಾಕಿಸಿ ಕಣ್ಣು ಮುಚ್ಚಿಸುವವರು ಇದನ್ನು ನೆನಪಿಡಲಿ: ಮೊದಲು ಸೂರ್ಯನಮಸ್ಕಾರ, ಧ್ಯಾನ ಆಮೇಲೆ.

● ‘ತಲೆ ಮುಟ್ಟು’ ಎಂದರೆ ಕಾಲ್ಬೆರಳು ಮುಟ್ಟಬೇಕು. ‘ಕಾಲ್ಬೆರಳು ಮುಟ್ಟು’ ಎಂದರೆ ತಲೆ. ಇದು ಆಟದಂತಿದ್ದರೂ ಮನಶ್ಶಾಸ್ತ್ರಜ್ಞರ ಪರೀಕ್ಷೆ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮೆಗನ್ ಮೆಕ್‌ಕ್ಲೆಲ್ಯಾಂಡ್ ಮತ್ತು ಸಂಗಡಿಗರು ರೂಪಿಸಿದ್ದು. ಸಣ್ಣ ಮಕ್ಕಳು ಹೇಳಿದ್ದನ್ನು ನೆನಪಿಟ್ಟುಕೊಂಡು, ಮೈ ತಾನಾಗಿ ಮಾಡಹೊರಟದ್ದನ್ನು ಎಷ್ಟು ತಡೆದುಕೊಳ್ಳಬಲ್ಲರು ಎಂದು ಅಳೆಯುತ್ತದೆ.

ಇದೇ ಕಸರತ್ತು ನಮ್ಮ ಕೆರೆ-ದಡದಲ್ಲಿ ಮೊದಲಿನಿಂದಲೂ ಇದೆ. ಹಾಲಿನ ಟೈಲ್ಸ್ ಮೇಲೆ ಸೀಮೆಸುಣ್ಣದ ಒಂದು ಗೆರೆ. ಆಚೆ ಕೆರೆ, ಈಚೆ ದಡ. ‘ಕೆರೆ’ ಎಂದರೆ ಎರಡೂ ಕಾಲು ಜೋಡಿಸಿ ಒಳಕ್ಕೆ ಹಾರು, ‘ದಡ’ ಎಂದರೆ ವಾಪಸು. ಹೇಳುವವರ ಜಾಣತನ ಲಯದಲ್ಲಿದೆ. ಕೆರೆ, ದಡ, ಕೆರೆ, ದಡ ಎಂದು ನಾಲ್ಕಾರು ಸಲ ಒಂದೇ ಗತಿಯಲ್ಲಿ ಕುಣಿಸಿ, ಥಟ್ಟನೆ ‘ದಡ’ದ ಬೆನ್ನಿಗೇ ಇನ್ನೊಂದು ‘ದಡ’ ಬಿಡಬೇಕು. ಆಗ ನೋಡಿ: ಹೆಬ್ಬೆರಳು ಗೆರೆಗೆ ತಾಗುವಷ್ಟು ಮುಂದೆ ವಾಲಿ, ಹಿಮ್ಮಡಿ ಎದ್ದು, ಎರಡೂ ತೋಳು ಗಾಳಿಯಲ್ಲಿ ಬಡಿದುಕೊಳ್ಳುತ್ತ, ಬೀಳದೆ ನಿಂತರೆ ಗೆದ್ದ ಹಾಗೆ. ಪಳಗಿದವರಿಗೆ ಉಲ್ಟಾ ಆಡಿಸಿ, ಕೆರೆ ಎಂದರೆ ದಡ. ಹತ್ತು ನಿಮಿಷದಲ್ಲಿ ಬೆವರೂ ಬರುತ್ತದೆ, ತಲೆಗೂ ಕೆಲಸ. ಮಳೆ ರಜೆಗೆ ಒಂದೇ ಆಟ ಆರಿಸು ಎಂದರೆ ನನ್ನ ಓಟು ಇದಕ್ಕೇ.

● ಕಂಬದಾಟಕ್ಕೆ ತೊಟ್ಟಿಮನೆಯೇ ಬೇಕಿಲ್ಲ. ನಾಲ್ಕು ಕಂಬ, ಐದು ಮಕ್ಕಳು. ಕಂಬ ಬದಲಿಸುವಾಗ ನಡುವಿನವನು ನುಗ್ಗಿ ಹಿಡಿಯಬೇಕು. ಕೋಣೆಗೆ ನಾಲ್ಕು ಮೂಲೆ ಇದ್ದೇ ಇದೆಯಲ್ಲ.

● ಮಾರಿಯಾ ಮಾಂಟೆಸ್ಸರಿ ತರಗತಿಯ ನೆಲದ ಮೇಲೆ ಮೊಟ್ಟೆಯಾಕಾರದ ಗೆರೆ ಎಳೆಸಿ ಮಕ್ಕಳನ್ನು ಅದರ ಮೇಲೆ ನಡೆಸುತ್ತಿದ್ದರು, ಹಿಮ್ಮಡಿಗೆ ಬೆರಳು ತಾಗಿಸಿ. ಆಮೇಲೆ ಕೈಗೆ ನೀರು ತುಂಬಿದ ಲೋಟ, ಇಲ್ಲವೇ ಸದ್ದು ಮಾಡಬಾರದ ಗಂಟೆ. ಇದೇ ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೆ ಬಂದು, ಎರಡನೆಯ ಮಹಾಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿಯಬೇಕಾಯಿತು.

● ಗಿರಗಿರನೆ ಸುತ್ತಿ ನಿಂತ ಮೇಲೂ ಮನೆ ಸುತ್ತುವುದೇಕೆ? ಒಳಗಿವಿಯಲ್ಲಿ ಮೂರು ಅರೆವೃತ್ತ ನಾಳಗಳಿವೆ, ಅವುಗಳೊಳಗೆ ದ್ರವ. ನಾವು ನಿಂತರೂ ದ್ರವ ಕೂಡಲೇ ನಿಲ್ಲುವುದಿಲ್ಲ. ‘ಇನ್ನೂ ತಿರುಗುತ್ತಿದ್ದೇವೆ’ ಎಂದು ಕಿವಿ, ‘ಇಲ್ಲ’ ಎಂದು ಕಾಲು. ಮಿದುಳಿಗೆ ಗಲಿಬಿಲಿ, ಮಗುವಿಗೆ ಮಜಾ. ಮೇಜಿನ ಮೊನೆ ಹತ್ತಿರ ಇರದಂತೆ ನೋಡಿಕೊಳ್ಳಿ, ಅಷ್ಟೇ.

● ಇಲಿಗಳೂ ನಗುತ್ತವೆ! ಎಸ್ಟೋನಿಯಾ ಮೂಲದ ವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ 1990ರ ದಶಕದಲ್ಲಿ ಇಲಿಗಳಿಗೆ ಕಚಗುಳಿ ಇಟ್ಟು ನೋಡಿದರು. ಅವು 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಚಿಲಿಪಿಲಿಗುಟ್ಟಿದವು. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಸ್, ಹಾಗಾಗಿ ಉಪಕರಣವೇ ಕೇಳಿಸಬೇಕಾಯಿತು. ಮರಿ ಇಲಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುವಾಗಲೂ ಇದೇ ದನಿ. ಅಪ್ಪನ ಬೆನ್ನೇರಿ ಉಪ್ಪುಮೂಟೆ, ಹಾಸಿಗೆಯ ಮೇಲೆ ಹುಸಿ ಕುಸ್ತಿ, ದಿಂಬಿನ ಕಾಳಗ ಎಲ್ಲವೂ ಆ ಜಾತಿಯ ಆಟಗಳೇ. ಎದುರಾಳಿ ನಗುತ್ತಿರುವವರೆಗೆ ಅದು ಆಟ. ನಗು ನಿಂತರೆ ನೀವೂ ನಿಲ್ಲಿಸಿ.

● ಮಂಚದ ಮೇಲೆ ಹಾರುವುದಾದರೆ ಒಂದು ಸಲಕ್ಕೆ ಒಬ್ಬರು. ಟ್ರ್ಯಾಂಪೊಲಿನ್‌ನಲ್ಲಿ ಆಗುವ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಬ್ಬರಿಗಿಂತ ಹೆಚ್ಚು ಜನ ಹಾರುವಾಗ ಆದವು ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಏಟು ಬೀಳುವುದು ಹೆಚ್ಚಾಗಿ ಅವರಲ್ಲಿ ಚಿಕ್ಕವರಿಗೆ. ಹಾಸಿಗೆಯನ್ನು ನೆಲಕ್ಕೇ ಇಳಿಸಿದರೆ ಇನ್ನೂ ಒಳ್ಳೆಯದು.

● ಬಲೂನು ಮನೆಯೊಳಗಿನ ಚೆಂಡುಗಳ ರಾಜ. ತೂಕವಿಲ್ಲ, ಗಾತ್ರ ದೊಡ್ಡದು, ಗಾಳಿಯೇ ಅದನ್ನು ತಡೆತಡೆದು ಇಳಿಸುತ್ತದೆ. ಮೂರು ವರ್ಷದ ಮಗುವಿಗೂ ಓಡಿ ಹೋಗಿ ಮುಟ್ಟುವಷ್ಟು ಸಮಯ ಸಿಗುತ್ತದೆ, ಟಿವಿಗೂ ಅಪಾಯವಿಲ್ಲ. ಆದರೆ ಒಡೆದ ಚೂರು ಗಂಟಲಿಗೆ ಅಂಟಿಕೊಂಡು ಉಸಿರು ಕಟ್ಟಿಸಬಹುದು. ಎಂಟು ವರ್ಷದೊಳಗಿನವರ ಬಗ್ಗೆ ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚು ಹಾಕಲೇಬೇಕೆಂದು ಅಮೆರಿಕದಲ್ಲಿ ಕಾನೂನೇ ಇದೆ. ಒಡೆದ ಕೂಡಲೇ ಚೂರು ಹೆಕ್ಕಿ, ಊದುವ ಕೆಲಸ ದೊಡ್ಡವರೇ ಮಾಡಿ.

● ಕೂಸಿನೊಂದಿಗೆ ಉರುಳುವ ಪ್ಲಾಸ್ಟಿಕ್ ವಾಕರ್ ಮಾರುವುದನ್ನು ಕೆನಡಾ 2004ರಲ್ಲೇ ನಿಷೇಧಿಸಿದೆ, ಹಳೆಯದನ್ನು ಮಾರುವಂತೆಯೂ ಇಲ್ಲ. ಅದರೊಳಗೆ ಕೂತ ಕೂಸು ಕಣ್ಣು ಮಿಟುಕಿಸುವಷ್ಟರಲ್ಲಿ ಮೆಟ್ಟಿಲ ತುದಿ ತಲುಪಿರುತ್ತದೆ. ಚನ್ನಪಟ್ಟಣದ ಮರದ ಮೂರುಗಾಲಿ ಗಾಡಿ ಬೇರೆಯೇ ಜಾತಿ: ಅದರೊಳಗೆ ಕೂರುವಂತಿಲ್ಲ, ಹಿಡಿದು ನಿಂತು ತಳ್ಳಬೇಕು. ದುಡಿಯುವುದು ಮಗುವಿನ ಕಾಲೇ.

● ಲಾಕ್‌ಡೌನ್ ದಿನಗಳಲ್ಲಿ ಬ್ರಿಟನ್ನಿನ ಜೋ ವಿಕ್ಸ್ ತನ್ನ ಮನೆಯ ಕೋಣೆಯಿಂದಲೇ ಮಕ್ಕಳಿಗೆ ಪಿಟಿ ಪಾಠ ಶುರು ಮಾಡಿದ. 2020ರ ಮಾರ್ಚ್ 24ರಂದು ಯೂಟ್ಯೂಬಿನಲ್ಲಿ ಅದರ ನೇರ ವೀಕ್ಷಣೆ 9,55,185. ಗಿನ್ನೆಸ್ ದಾಖಲೆ! ಜಪಾನಿನವರು ಇದನ್ನು ರೇಡಿಯೋದಲ್ಲಿ ಮಾಡತೊಡಗಿದ್ದು 1928ರಲ್ಲಿ. ಅಲ್ಲಿ ಬೇಸಿಗೆ ರಜೆಯ ಬೆಳಗ್ಗೆ ರೇಡಿಯೋ ಕಸರತ್ತಿಗೆ ಬಂದ ಮಕ್ಕಳ ಕಾರ್ಡಿಗೆ ಮುದ್ರೆ ಒತ್ತುತ್ತಾರೆ.

● ಮನೆಯೊಳಗೆ ಎಷ್ಟೇ ಕುಣಿದರೂ ಸಿಗದ ಒಂದು ಸಂಗತಿ ಬೆಳಕು. ಮನೆಯ ದೀಪದ ಬೆಳಕು ಸಾಮಾನ್ಯವಾಗಿ 500 ಲಕ್ಸ್‌ ದಾಟುವುದಿಲ್ಲ, ಬಯಲಿನಲ್ಲಿ ಅದು ಸಾವಿರಗಳ ಲೆಕ್ಕ. ಹೊರಗಿನ ಬೆಳಕಿನಲ್ಲಿ ಕಳೆದ ಹೊತ್ತು ಮಕ್ಕಳಿಗೆ ದೂರದ್ದು ಮಸುಕಾಗುವ ದೃಷ್ಟಿದೋಷ ಬರುವುದನ್ನು ಕಡಿಮೆ ಮಾಡುತ್ತದೆ. ಅದಕ್ಕೇ ತೈವಾನ್ 2010ರಲ್ಲಿ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸುವ ಕಾರ್ಯಕ್ರಮ ಶುರು ಮಾಡಿತು. ಮಳೆ ಹೊಳವಾದ ಅರ್ಧ ತಾಸನ್ನು ಬಿಡಬೇಡಿ, ಕೊಡೆ ಕೊಟ್ಟಾದರೂ ಅಟ್ಟಿ.

● ತುಳುನಾಡಿನಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿದ್ದುದು ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಗದ್ದೆ ಕೆಲಸ ಮುಗಿದು, ಮಳೆ ಬಿಡದೆ ಹೊಯ್ಯುವ ಕಾಲ. ಎರಡು ಸಾಲು, ಸಾಲಿಗೆ ಏಳು ಗುಳಿ, ಆಡಲು ಮಂಜೊಟ್ಟಿ ಕಾಯಿ. ಸಿರಿಯ ಕಥೆ ಹೇಳುವ ತುಳು ಜನಪದ ಹಾಡು, ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆಯಾಡಬಾರದೆಂದು ಹಿರಿಯರು ಹೇಳುತ್ತಿದ್ದುದು ಅದಕ್ಕೇ. ಇಬ್ಬರು ಮಕ್ಕಳಿರುವ ಯಾವ ಮನೆಯವರೂ ಈ ಮಾತನ್ನು ಮೂಢನಂಬಿಕೆ ಎನ್ನಲಾರರು.

● ಅಪಾರ್ಟ್‌ಮೆಂಟಿನವರಿಗೆ ಕೊನೆಯದೊಂದು. ಮಕ್ಕಳ ಕಿರುಚಾಟ ಗಾಳಿಯಲ್ಲಿ ಹೋಗುತ್ತದೆ, ಗೋಡೆ ಅದನ್ನು ಬಹುಪಾಲು ತಡೆಯುತ್ತದೆ. ನೆಗೆತದ ಪೆಟ್ಟು ಹಾಗಲ್ಲ, ನೇರ ಸ್ಲ್ಯಾಬಿಗೆ ಇಳಿದು ಕೆಳಮನೆಯ ಚಾವಣಿಯನ್ನೇ ನಡುಗಿಸುತ್ತದೆ. ನಮಗೆ ಜೋರೆನಿಸುವುದು ಕೂಗು, ಕೆಳಗಿನವರನ್ನು ಕಾಡುವುದು ಕಾಲು. ತೆಳ್ಳನೆ ಚಾಪೆಯಿಂದ ಹೆಚ್ಚು ಪ್ರಯೋಜನವಿಲ್ಲ. ದಪ್ಪ ಹತ್ತಿ ಹಾಸಿಗೆಯೋ ಫೋಮ್ ಮ್ಯಾಟೋ ಬೇಕು. ಕೆರೆ-ದಡವನ್ನು ಹನ್ನೊಂದು ಗಂಟೆಗೆ ಮುಗಿಸಿಬಿಡಿ. ಊಟವಾಗಿ ಕೆಳಗಿನ ಅಜ್ಜಿ ಅಡ್ಡಾಗುವ ಹೊತ್ತಿಗೆ ಚೆನ್ನೆಮಣೆ ತೆಗೆಯಿರಿ.