ರಾತ್ರಿ ಹನ್ನೊಂದರ ಹಸಿವು

ಊಟ ಆಗಿದೆ. ಗಂಟೆ 11.
ಆದ್ರೂ ಕೈ ಖಾರಾ ಮಿಕ್ಸ್ಚರ್ ಡಬ್ಬಕ್ಕೆ ಹೋಗುತ್ತಲ್ಲ, ಯಾಕೆ?

ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತಲ್ಲ.
ತೂಕ ಇಳಿಸೋಕೆ ಅಂತ ಬೆಳಗ್ಗೆ ಬರೀ ಕಾಫಿ,
ಮಧ್ಯಾಹ್ನ ನಾಲ್ಕು ತುತ್ತು.
ಹಗಲು ಉಳಿಸಿಕೊಂಡ ಬಾಕಿನ
ಹೊಟ್ಟೆ ರಾತ್ರಿ ಬಡ್ಡಿ ಸಮೇತ ವಸೂಲಿ ಮಾಡುತ್ತೆ.

ಒಂದು ಹಿಡಿ ಮಿಕ್ಸ್ಚರ್, 30 ಗ್ರಾಂ,
ಸುಮಾರು 150 ಕ್ಯಾಲೊರಿ.
ಒಂದು ಚಪಾತಿಗಿಂತ ಜಾಸ್ತಿ!
ಡಬ್ಬಕ್ಕೇ ಕೈ ಹಾಕಿದ್ರೆ ಎಷ್ಟು ಹಿಡಿ ಆಯ್ತು, ಗೊತ್ತಾಗಲ್ಲ.

ಹಗಲು ಸರಿಯಾಗಿ ತಿನ್ನಿ.
ರಾತ್ರಿ ಊಟಕ್ಕೆ ಕಾಳು ಪಲ್ಯನೋ, ಮೊಟ್ಟೆನೋ ಇರಲಿ.
ನಿದ್ದೆಗೆಟ್ರೂ ಹಸಿವು ಹೆಚ್ಚುತ್ತೆ, ಬೇಗ ಮಲಗಿ.

ಆಮೇಲೂ ಹಸಿವಾ?
ಒದ್ದಾಡಬೇಡಿ.
ಒಂದು ಲೋಟ ಮಜ್ಜಿಗೆ,
ಇಲ್ಲಾ ಬಟ್ಟಲಲ್ಲಿ ಒಂದು ಹಿಡಿ ಹುರಿಗಡಲೆ.
ಮೊಬೈಲ್ ಪಕ್ಕಕ್ಕಿಟ್ಟು, ಕೂತು ತಿನ್ನಿ.

ಇನ್ಸುಲಿನ್ ತಗೊಳ್ಳೋರು ಮಾತ್ರ
ಡಾಕ್ಟರನ್ನ ಕೇಳದೆ ರಾತ್ರಿ ತಿನ್ನೋದು ನಿಲ್ಲಿಸಬೇಡಿ.